ಮಾತಿನ ಮನೆಯ ಕೀಲಿ ಯಾರ ಕೈಯಲ್ಲಿ?

(ಸ್ವಸಹಾಯ ಸಂಘಗಳ ಒಕ್ಕೂಟವೊಂದರ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ಸಭೆಯ ವಿಷಯಪಟ್ಟಿಯಲ್ಲಿ "ಒಕ್ಕೂಟದ ಸದಸ್ಯೆಯರು ಪರಸ್ಪರ ಮಾತನಾಡಲು ಸ್ವಂತ ಚಾಟ್ ಸರ್ವರ್ ಇಟ್ಟುಕೊಳ್ಳುವ ಬಗ್ಗೆ" ಎಂಬ ಸಾಲನ್ನು ಕಂಡು ನಿಮ್ಮಲ್ಲಿ ಹಲವರು, "ವಾಟ್ಸಾಪ್ ಇದೆಯಲ್ಲ ಮೇಡಂ, ಇದೊಂದು ಯಾಕೆ?" ಎಂದು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೆ ನಿವೃತ್ತ ಅಧ್ಯಾಪಕಿಯರ ನಮ್ಮದೊಂದು ಬಳಗಕ್ಕೆ ಇಂಥ ಸರ್ವರನ್ನು ಇನ್ನಿಬ್ಬರ ಜೊತೆ ಸೇರಿ ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಆ ಅನುಭವದಿಂದಲೇ ಎರಡು ಮಾತು ಹೇಳುತ್ತೇನೆ.

ಸರ್ವರ್ ಎಂದರೆ ನಮ್ಮ ಮಾತುಗಳ ಅಂಚೆ ಕಚೇರಿ ಎಂದುಕೊಳ್ಳಿ. ನಾನು ಫೋನಿನಲ್ಲಿ ಬರೆದದ್ದು ನೇರವಾಗಿ ನಿಮ್ಮ ಫೋನಿಗೆ ಹಾರಿ ಬರುವುದಿಲ್ಲ. ಎಲ್ಲೋ ಹಗಲಿರುಳು ಚಾಲೂ ಇರುವ ಒಂದು ಯಂತ್ರಕ್ಕೆ ಹೋಗಿ, ಅಲ್ಲಿಂದ ನಿಮಗೆ ಬರುತ್ತದೆ. 2016ರಿಂದ ವಾಟ್ಸಾಪ್ ಸಂದೇಶಗಳೆಲ್ಲ ಗೂಢಲಿಪಿಯಲ್ಲಿ ಹೋಗುತ್ತವೆ. ಲಕೋಟೆ ಅಂಟಿಸಿದೆ, ಒಳಗಿನ ಕಾಗದವನ್ನು ಕಂಪನಿ ಓದಲಾರದು. ಇದು ನಿಜ, ಒಪ್ಪಿಕೊಳ್ಳೋಣ. ಆದರೆ ಲಕೋಟೆಯ ಮೇಲಿನ ವಿಳಾಸ, ಅಂದರೆ ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಬರೆದರು ಎಂಬುದು ಅಂಚೆ ಕಚೇರಿ ನಡೆಸುವವರಿಗೆ ತಿಳಿಯುತ್ತದೆ. ಆ ಕಚೇರಿಯನ್ನು 2014ರಲ್ಲಿ ಫೇಸ್‌ಬುಕ್ ಕಂಪನಿ 1900 ಕೋಟಿ ಡಾಲರ್ ಬೆಲೆಗೆ ಕೊಂಡಿತು. ಅಷ್ಟು ಹಣ ಸುರಿದವರು ನಿಯಮ ಬದಲಾಯಿಸುವಾಗ ನಮ್ಮನ್ನು ಕೇಳಿ ಬದಲಾಯಿಸುವುದಿಲ್ಲ.

ನನ್ನ ತಕರಾರು ಅದಕ್ಕಿಂತ ಹತ್ತಿರದ್ದು. ವಾಟ್ಸಾಪ್ ಗುಂಪಿಗೆ ಸೇರಿದೊಡನೆ ನಿಮ್ಮ ಫೋನ್ ನಂಬರು ಸಾಮಾನ್ಯವಾಗಿ ಗುಂಪಿನ ಎಲ್ಲರಿಗೂ ಕಾಣುತ್ತದೆ. ಇಪ್ಪತ್ತು ಜನರ ಸಂಘದಲ್ಲಿ ಚಿಂತೆಯಿಲ್ಲ, ಎಲ್ಲರೂ ಒಂದೇ ಬೀದಿಯವರು. ಒಕ್ಕೂಟದ ಆರುನೂರು ಜನರ ಗುಂಪಿನಲ್ಲಿ? ಗಂಡನ ಮನೆ ಬಿಟ್ಟು ಬಂದು ಹೊಸ ಸಿಮ್ ಹಾಕಿಸಿಕೊಂಡವಳ ನಂಬರು ಎಲ್ಲಿಗೆ ಮುಟ್ಟುತ್ತದೆಂದು ಯಾರು ಹೇಳಬಲ್ಲರು? ನಂಬರಿಲ್ಲದೆ, ಬರಿಯ ಹೆಸರಿನಿಂದ ಸೇರಬಹುದಾದ ಜಾಗವೊಂದು ನಮಗೆ ಬೇಕೆಂದು ನಾನು ವಾದಿಸುವುದು ಇಂಥವಳನ್ನು ನೆನೆದು.

ಹಾಗಾದರೆ ಯಾವುದನ್ನು ಆರಿಸಬೇಕು? ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು, ಹಳೆಯ ಚಾಳಿ, ಕ್ಷಮಿಸಿ.

1988ರಲ್ಲಿ ಫಿನ್‌ಲೆಂಡಿನ ಊಲು ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬಾತ ಐಆರ್‌ಸಿ ಎಂಬ ವ್ಯವಸ್ಥೆ ಬರೆದ. ಹಲವರು ಒಂದು ಕೋಣೆಯಲ್ಲಿ ಕೂತಂತೆ ಅಕ್ಷರದಲ್ಲಿ ಮಾತನಾಡುವ ಜಾಗ ಅದು. ಇವತ್ತಿಗೂ ನಡೆಯುತ್ತಿದೆ. ಫ್ರೀನೋಡ್ ಎಂಬ ಹೆಸರಿನ ಅಂಥ ಒಂದು ಜಾಲದಲ್ಲಿ ಪ್ರಪಂಚದ ಸಾವಿರಾರು ಮುಕ್ತ ತಂತ್ರಾಂಶದ ಗುಂಪುಗಳು ವರ್ಷಾನುಗಟ್ಟಲೆ ಕೂತು ಮಾತನಾಡುತ್ತಿದ್ದವು. ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. 2021ರ ಮೇ ತಿಂಗಳಲ್ಲಿ ಆ ಜಾಲದ ಒಡೆತನದ ಬಗ್ಗೆ ಜಗಳವಾಯಿತು. ಬೆವರು ಸುರಿಸಿದವರು ಸ್ವಯಂಸೇವಕರು. ಹೆಸರು, ವಿಳಾಸಗಳ ಹಕ್ಕು ಇನ್ನೊಬ್ಬರ ಕೈಯಲ್ಲಿ. ಸ್ವಯಂಸೇವಕರು ಒಟ್ಟಾಗಿ ರಾಜೀನಾಮೆ ಕೊಟ್ಟು ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಅದನ್ನು ಸ್ವೀಡನ್ನಿನಲ್ಲಿ ಲಾಭವಿಲ್ಲದ ಸಂಘವಾಗಿ ನೋಂದಾಯಿಸಿದರು. ಅದೇ ತಿಂಗಳು ಹಳೆಯ ಜಾಲದವರು, "ನಾವು ಅಲ್ಲಿಗೆ ಹೋಗಿದ್ದೇವೆ" ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿದ್ದ ನೂರಾರು ಕೋಣೆಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ವರ್ಷಗಟ್ಟಲೆ ಗುಡಿಸಿ ಸಾರಿಸಿದ ಮನೆಯಿಂದ ರಾತ್ರೋರಾತ್ರಿ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಈ ಸಭೆಯಲ್ಲಿ ಕೂತ ಕೆಲವರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೂ ಅವರು ಬೀದಿಪಾಲಾಗಲಿಲ್ಲ. ಏಕೆಂದರೆ ಐಆರ್‌ಸಿಯ ನಿಯಮಗಳು ಯಾರೊಬ್ಬರ ಸ್ವತ್ತೂ ಅಲ್ಲ. ಅದೇ ಆಪ್, ಅದೇ ಅಭ್ಯಾಸ. ವಿಳಾಸ ಒಂದನ್ನು ಬದಲಿಸಿದರೆ ಆಯಿತು. ವಿಕಿಪೀಡಿಯದ ಗುಂಪುಗಳು, ಉಬುಂಟುವಿನ ಗುಂಪುಗಳು ಕೆಲವೇ ದಿನಗಳಲ್ಲಿ ಹೊಸ ಜಾಗಕ್ಕೆ ಹೋದವು. ತಂತ್ರಾಂಶ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ನಾಳೆ ಇಲ್ಲಿಂದ ಎದ್ದು ಹೋಗಬೇಕಾದರೆ ನಮ್ಮ ಪಾತ್ರೆ ಪಡಗ ನಮ್ಮ ಜೊತೆ ಬರುತ್ತದೆಯೇ?

ಐಆರ್‌ಸಿ ನಮಗೆ ಒಗ್ಗುವುದಿಲ್ಲ. ಮೂಲ ಐಆರ್‌ಸಿಯಲ್ಲಿ ನೀವು ಇಲ್ಲದಾಗ ಆಡಿದ ಮಾತು ನಿಮಗೆ ಸಿಗುವುದಿಲ್ಲ, ಧ್ವನಿ ಸಂದೇಶವೂ ಇಲ್ಲ. ಗದ್ದೆಯಿಂದ ಸಂಜೆ ಬಂದು ಫೋನ್ ನೋಡುವವಳಿಗೆ, ಬರೆಯುವುದಕ್ಕಿಂತ ಮಾತನಾಡುವುದೇ ಸಲೀಸಾದವಳಿಗೆ ಅದರಿಂದ ಏನು ಉಪಯೋಗ?

1999ರಲ್ಲಿ ಜ್ಯಾಬರ್ ಎಂಬ ಇನ್ನೊಂದು ಬಂತು. 2004ರಲ್ಲಿ ಅದರ ನಿಯಮಗಳು ಎಕ್ಸ್‌ಎಂಪಿಪಿ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾದ ಮಾನದಂಡವಾದವು. ಅಂಚೆಯಂತೆಯೇ ಒಂದು ಊರಿನ ಕಚೇರಿಯಿಂದ ಇನ್ನೊಂದು ಊರಿನ ಕಚೇರಿಗೆ ಕಾಗದ ಹೋಗುತ್ತದೆ. 2005ರಲ್ಲಿ ಗೂಗಲ್ ಟಾಕ್ ಬಂದದ್ದು ಇದೇ ನಿಯಮದ ಮೇಲೆ. ಆದರೆ 2013ರಲ್ಲಿ ಗೂಗಲ್ ತನ್ನ ಹೊಸ ಆಪ್ ತಂದು ಹೊರಗಿನವರಿಗೆ ಬಾಗಿಲು ಹಾಕತೊಡಗಿತು. 2022ರಲ್ಲಿ ಟಾಕ್ ಪೂರ್ತಿ ನಿಂತಿತು. ದೊಡ್ಡಮನೆಯವರು ಹೊರಟುಹೋದರೂ ಎಕ್ಸ್‌ಎಂಪಿಪಿ ಉಳಿಯಿತು. ಪ್ರೊಸೋಡಿ, ಈಜ್ಯಾಬರ್‌ಡಿ ಎಂಬ ಸರ್ವರ್ ತಂತ್ರಾಂಶಗಳು ಇದಕ್ಕೆ ಇವೆ, ಎರಡನ್ನೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು. ಪ್ರೊಸೋಡಿ ಬಹಳ ಹಗುರ. ಅಂಗೈಯಗಲದ ಪುಟ್ಟ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅದನ್ನು ಬರೆದವರೇ ಸಣ್ಣ ಗುಂಪುಗಳಿಗೆಂದು ಸ್ನಿಕೆಟ್ ಎಂಬ ಸಿದ್ಧ ಕಟ್ಟು ಮಾಡಿದ್ದಾರೆ. ಅದಕ್ಕೆ ಆಹ್ವಾನವಿಲ್ಲದೆ ಯಾರೂ ಸೇರಲಾಗದು. ಫೋನ್ ನಂಬರು ಕೇಳುವುದಿಲ್ಲ.

ಮ್ಯಾಟ್ರಿಕ್ಸ್ ಎಂಬುದು 2014ರಲ್ಲಿ ಶುರುವಾಯಿತು. ಇದೂ ಮುಕ್ತ ನಿಯಮದ್ದೇ, ಇದಕ್ಕೂ ನಂಬರು ಬೇಡ. ಫ್ರಾನ್ಸಿನ ಸರ್ಕಾರವೇ ತನ್ನ ನೌಕರರಿಗಾಗಿ ಇದರ ಮೇಲೆ ಒಂದು ಆಪ್ ಮಾಡಿಕೊಂಡಿದೆ. ಇದರ ಮುಖ್ಯ ಸರ್ವರಾದ ಸಿನಾಪ್ಸ್ ಭಾರವಾದದ್ದು, ಹೆಚ್ಚಿನ ಮೆಮೊರಿ ಕೇಳುತ್ತದೆ. ಜುಲಿಪ್, ಮ್ಯಾಟರ್‌ಮೋಸ್ಟ್ ಎಂಬವು ಕಚೇರಿಗಳಿಗೆ ಹೊಂದುವಂಥವು. ಜುಲಿಪ್‌ನಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಎಳೆ. ಸಾಲದ ಮಾತು ಸಾಲದ ಎಳೆಯಲ್ಲಿ, ಬಿಸಿಯೂಟದ ಮಾತು ಅದರ ಎಳೆಯಲ್ಲಿ ಉಳಿಯುತ್ತದೆ. ಒಕ್ಕೂಟದ ಲೆಕ್ಕಪತ್ರ ನೋಡುವ ಹತ್ತಿಪ್ಪತ್ತು ಜನರಿಗೆ ಇದು ಚೆನ್ನ. ಎಲ್ಲ ಸದಸ್ಯೆಯರಿಗೂ ಅಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವಾರಕ್ಕೊಮ್ಮೆ ಒಂದೇ ಜಗುಲಿಯ ಮೇಲೆ ಕೂರುವ ಇಪ್ಪತ್ತು ಜನರ ಸಂಘಕ್ಕೆ ಸ್ವಂತ ಸರ್ವರ್ ದಂಡ. ಒಕ್ಕೂಟಕ್ಕೆ ಬೇಕೆಂದಾದರೆ ಸ್ನಿಕೆಟ್ ಅಥವಾ ಪ್ರೊಸೋಡಿಯಿಂದ ಆರಂಭಿಸಿ.

ಇನ್ನು ನಡೆಸುವ ಮಾತು. ಹೆಚ್ಚಿನವರು ಎಡವುವುದು ಇಲ್ಲಿಯೇ. "ನಮ್ಮ ಕಚೇರಿಯ ಮೂಲೆಯಲ್ಲೇ ಕಂಪ್ಯೂಟರ್ ಇಡೋಣ" ಎಂದು ಒಬ್ಬರು ಹೇಳಿದರು. ಕರೆಂಟು ಹೋದರೆ ಅಂಚೆ ಕಚೇರಿಯೂ ಮುಚ್ಚುತ್ತದೆ. ಸಾಮಾನ್ಯ ಇಂಟರ್‌ನೆಟ್ ಸಂಪರ್ಕಕ್ಕೆ ಬದಲಾಗದ ವಿಳಾಸವೂ ಸಿಗುವುದಿಲ್ಲ. ಹೊರಗೆ ಬಾಡಿಗೆಗೆ ಯಂತ್ರ ಹಿಡಿಯುವುದೇ ಮೇಲು. ಸಣ್ಣದಕ್ಕೆ ತಿಂಗಳಿಗೆ ಕೆಲವು ನೂರು ರೂಪಾಯಿ. ಬಾಡಿಗೆ ಮನೆಯ ಮಾಲೀಕನ ಹತ್ತಿರ ಇನ್ನೊಂದು ಕೀಲಿ ಇರುತ್ತದೆಂಬುದು ನೆನಪಿರಲಿ.

ನಮ್ಮ ಸಂಘಗಳಲ್ಲಿ ಹಣದ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಇನ್ನೊಬ್ಬಳ ಸೊಂಟದಲ್ಲಿ. ಈ ಬುದ್ಧಿಯನ್ನು ನಮಗೆ ಯಾವ ಎಂಜಿನಿಯರೂ ಕಲಿಸಲಿಲ್ಲ. ಸರ್ವರಿಗೂ ಅದನ್ನೇ ಮಾಡಿ. ಜಾಲತಾಣದ ವಿಳಾಸಕ್ಕೆ ವರ್ಷ ವರ್ಷ ಹಣ ಕಟ್ಟಬೇಕು. ಅದು ಒಕ್ಕೂಟದ ಹೆಸರಿನಲ್ಲಿರಲಿ. ಸಾಮಾನ್ಯವಾಗಿ ಆಗುವುದೇನೆಂದರೆ, ಯಾರೋ ಉಪಕಾರಿ ಹುಡುಗ ತನ್ನ ಇ-ಮೇಲ್, ತನ್ನ ಕಾರ್ಡ್ ಕೊಟ್ಟು ಎಲ್ಲ ಮಾಡಿಕೊಡುತ್ತಾನೆ. ಎರಡು ವರ್ಷಕ್ಕೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಫೋನ್ ಎತ್ತುವುದಿಲ್ಲ, ಒಂದು ಬೆಳಿಗ್ಗೆ ನಮ್ಮ ಮನೆ ಮಾಯ. ಹುಡುಗ ಕೆಟ್ಟವನೆಂದು ಹೇಳುತ್ತಿಲ್ಲ. ಕಾಗದಪತ್ರ ನಮ್ಮ ಹೆಸರಿನಲ್ಲಿ ಇರಲಿ ಎನ್ನುತ್ತೇನೆ. ಆಸ್ತಿಯ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ನಾವು ಹೇಳುತ್ತ ಬಂದದ್ದೂ ಇದನ್ನೇ ಅಲ್ಲವೇ?

ಅಪ್‌ಡೇಟ್ ಎಂಬುದನ್ನು ತಿಂಗಳ ಮೊದಲ ಸೋಮವಾರದ ಕೆಲಸವೆಂದು ಗೊತ್ತುಮಾಡಿ. 2019ರ ಏಪ್ರಿಲ್‌ನಲ್ಲಿ ಮ್ಯಾಟ್ರಿಕ್ಸ್ ಮಾಡಿದವರ ಮುಖ್ಯ ಸರ್ವರಿಗೇ ಕನ್ನ ಬಿತ್ತು. ಕಳ್ಳ ಮುಂಬಾಗಿಲಿನಿಂದ ಬರಲಿಲ್ಲ. ಅವರು ಬಳಸುತ್ತಿದ್ದ ಜೆಂಕಿನ್ಸ್ ಎಂಬ ಸಹಾಯಕ ತಂತ್ರಾಂಶದ ಹಳೆಯ ಆವೃತ್ತಿಯನ್ನು ಬದಲಿಸದೆ ಬಿಟ್ಟಿದ್ದರು, ಆ ಕಿಂಡಿಯಿಂದ ಬಂದ. ಎಲ್ಲರನ್ನೂ ಹೊರಗೆ ಕಳಿಸಿ ಸರ್ವರನ್ನು ಮತ್ತೆ ಕಟ್ಟಬೇಕಾಯಿತು. ಗೂಢಲಿಪಿಯ ಕೀಲಿಯನ್ನು ಬೇರೆ ಕಡೆ ತೆಗೆದಿಟ್ಟಿರದವರಿಗೆ ತಮ್ಮದೇ ಹಳೆಯ ಸಂದೇಶಗಳು ಓದಲು ಸಿಗಲಿಲ್ಲ. ಬ್ಯಾಕಪ್ಪೂ ಹಾಗೆಯೇ: ತೆಗೆದಿಟ್ಟರೆ ಸಾಲದು, ವರ್ಷಕ್ಕೆರಡು ಸಲ ಅದರಿಂದ ಮತ್ತೆ ಸರ್ವರ್ ಎಬ್ಬಿಸಲು ಬರುತ್ತದೆಯೇ ನೋಡಬೇಕು. ನಮ್ಮ ಬಳಗದಲ್ಲಿ ಇದನ್ನು ಯುಗಾದಿ, ದೀಪಾವಳಿಗಳ ಮುಂಚಿನ ವಾರ ಮಾಡುತ್ತೇವೆ, ಮನೆ ಧೂಳು ಹೊಡೆಯುವ ಜೊತೆಗೆ.

ಅಡ್ಮಿನ್ ಆಗಲು ಹೆದರುವವರಿಗೆ ಒಂದು ಮಾತು. ಇನ್ನೊಬ್ಬ ಸದಸ್ಯ ಹಾಕಿದ ಕೆಟ್ಟ ಸಂದೇಶಕ್ಕೆ ಕೇವಲ ಅಡ್ಮಿನ್ ಎಂಬ ಕಾರಣದಿಂದ ಹೊಣೆ ಹೊರಿಸಲಾಗದೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಅವು ವಾಟ್ಸಾಪ್ ಗುಂಪಿನ ಅಡ್ಮಿನ್‌ಗಳ ಪ್ರಕರಣಗಳು. ಸರ್ವರನ್ನೇ ನಡೆಸುವವರ ಹೊಣೆ ಬೇರೆ. ಶುರುಮಾಡುವ ಮುಂಚೆ ವಕೀಲರೊಬ್ಬರನ್ನು ಕೇಳಿ.

ಈಗ ಯಾವ ತಂತ್ರಾಂಶವೂ ಮಾಡಲಾಗದ್ದನ್ನು ಹೇಳುತ್ತೇನೆ. ನನಗೆ ಗೊತ್ತಿರುವ ಒಂದು ಸಂಘದಲ್ಲಿ ಒಬ್ಬ ಹೆಣ್ಣುಮಗಳು, ತವರಿನವರು ಕೊಟ್ಟ ಬಳೆಗಳನ್ನು ಗಂಡ ಕೇಳದೆ ಅಡವಿಟ್ಟನೆಂದು ಗುಂಪಿನಲ್ಲಿ ಬರೆದಳು. ಸಂಜೆಯೊಳಗೆ ಅವಳ ಅತ್ತೆ ಆ ಮಾತುಗಳನ್ನು ಅಕ್ಷರ ಬಿಡದೆ ಅವಳಿಗೇ ಒಪ್ಪಿಸಿದಳು. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನೀವು ಊಹಿಸಬಹುದು. ಯಾರೂ ಸರ್ವರ್ ಒಡೆಯಲಿಲ್ಲ, ಗೂಢಲಿಪಿ ಭೇದಿಸಲಿಲ್ಲ. ಇನ್ನೊಬ್ಬ ಸದಸ್ಯೆಯ ಫೋನು ಅವಳ ಮಗನ ಕೈಯಲ್ಲಿತ್ತು, ಅಷ್ಟೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಹೆಂಗಸಿನದಲ್ಲ, ಮನೆಯದು.

ಆದ್ದರಿಂದ ಯಾವ ಆಪ್ ಆದರೂ ಬೀಗ ಹಾಕಿದ ಫೋನಿನ ಪರದೆಯ ಮೇಲೆ ಸಂದೇಶದ ಮಾತು ಕಾಣದಂತೆ ಮಾಡಿಕೊಳ್ಳಿ. ನಿಮ್ಮ ಖಾತೆ ಬೇರೆ ಯಾವ ಫೋನ್, ಕಂಪ್ಯೂಟರಿಗೆ ಜೋಡಿಸಿದೆ ಎಂಬ ಪಟ್ಟಿ ಆಪ್‌ನಲ್ಲೇ ಇರುತ್ತದೆ, ಆಗಾಗ ನೋಡಿ. ಇದುವರೆಗೆ ಬೀಗವಿಲ್ಲದ ಫೋನಿಗೆ ದಿಢೀರನೆ ಬೀಗ ಹಾಕಿದರೆ ಅದೇ ಹೊಡೆತಕ್ಕೆ ನೆಪವಾಗುವ ಮನೆಗಳೂ ಇವೆ. ಅಂಥವಳಿಗೆ ಬೀಗ ಹಾಕೆಂದು ಬಲವಂತ ಮಾಡಬೇಡಿ. ಅವಳ ಮನೆಯ ವಿಷಯ ಎದುರು ಕೂತು ಕೇಳಿ, ಗುಂಪಿನಲ್ಲಿ ಕೇಳಬೇಡಿ.

ಸಂದೇಶಗಳನ್ನು ಎಷ್ಟು ದಿನ ಇಡಬೇಕೆಂಬುದೂ ನಾವೇ ತೀರ್ಮಾನಿಸಬೇಕಾದದ್ದು. ಸ್ವಂತ ಸರ್ವರಿನಲ್ಲಿ ಮೂವತ್ತು ದಿನಕ್ಕೆ ಅಳಿಸಿಬಿಡು ಎಂದು ಹೇಳಿಡಬಹುದು. ಇಲ್ಲದ ಕಾಗದವನ್ನು ಕಳ್ಳ ಕದಿಯಲಾರ, ಹಾಗಾಗಿ ಕಡಿಮೆ ದಿನವೇ ಒಳ್ಳೆಯದು. ಆದರೆ ವರದಕ್ಷಿಣೆಗಾಗಿ ಬೆದರಿಸಿದ ಸಂದೇಶವೊಂದರ ಚಿತ್ರವನ್ನು ಯಾರಾದರೂ ನಮ್ಮ ಗುಂಪಿಗೆ ಹಾಕಿ "ಇಲ್ಲಿ ಭದ್ರವಾಗಿದೆ" ಎಂದು ತಮ್ಮ ಫೋನಿನಿಂದ ಮೂಲವನ್ನು ಅಳಿಸಿಬಿಟ್ಟರೆ? ಮೂವತ್ತೊಂದನೆಯ ದಿನ ಎರಡೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಸಂದೇಶ ಬಂದ ಮೂಲ ಫೋನು ಉಳಿದಿದ್ದರೆ ಕೆಲಸ ಸುಲಭ. ಗುಂಪಿಗೆ ಸೇರುವ ದಿನವೇ ಪ್ರತಿಯೊಬ್ಬಳಿಗೂ ಇದನ್ನು ಬಾಯಿಮಾತಿನಲ್ಲಿ ಹೇಳಬೇಕು. ಬರೆದು ಹಾಕಿದರೆ ಯಾರೂ ಓದುವುದಿಲ್ಲ.

ಇಂದು ಒಪ್ಪಿಗೆಯಾದರೆ ಠರಾವಿನಲ್ಲಿ ವಿಳಾಸ ಯಾರ ಹೆಸರಿನಲ್ಲಿ, ಪಾಸ್‌ವರ್ಡ್ ಯಾವ ಇಬ್ಬರ ಹತ್ತಿರ, ಅವರ ಅವಧಿ ಎಷ್ಟು, ಸಂದೇಶ ಎಷ್ಟು ದಿನ ಎಂಬುದನ್ನು ಬರೆಸಿ. ಮೊದಲ ಮೂರು ತಿಂಗಳು ಸಭೆಯ ದಿನಾಂಕ, ಉಳಿತಾಯ, ಸಾಲದ ಕಂತು ಇಷ್ಟೇ ಮಾತನಾಡಿ. ಮನೆಯ ನೋವನ್ನು ಆಗಲೇ ಅಲ್ಲಿ ಇಡಬೇಡಿ. ಪರೀಕ್ಷೆಗೆ ಹದಿನೈದು ಜನ ಸಾಕು. ಓದಿದ ಹುಡುಗಿಯರನ್ನೇ ಆರಿಸಬೇಡಿ, ಅವರಿಗೆ ಏನು ಕೊಟ್ಟರೂ ನಡೆಯುತ್ತದೆ. ಒಕ್ಕೂಟದಲ್ಲಿ ಎಲ್ಲಕ್ಕಿಂತ ಹಳೆಯ ಫೋನ್, ಗಾಜು ಒಡೆದ ಫೋನ್ ಇರುವವರನ್ನು ಹುಡುಕಿ ಮೊದಲು ಸೇರಿಸಿ. ಅವರಿಗೆ ಧ್ವನಿ ಸಂದೇಶ ಕಳಿಸಲು, ಕೇಳಲು ಬಂದರೆ ಉಳಿದವರನ್ನು ಕರೆಯಿರಿ.