ಸಾಗುವಾನಿಯ ಚಿಗುರು, ಪತಂಗದ ಹಸಿವು

ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಸಾಗುವಾನಿ ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಚಿಗುರುತ್ತದೆ. ಆ ಎಳೆಯ ಎಲೆಯ ಮೇಲೆಯೇ ಹಿಬ್ಲಿಯಾ ಪ್ಯೂರಾ ಎಂಬ ಪತಂಗದ ಕಣ್ಣು. ದಾಂಡೇಲಿ, ಹಳಿಯಾಳದ ಕಡೆಯವರಿಗೆ ಈ ಹೆಸರು ಹೊಸದಿರಬಹುದು, ಅದರ ಕೆಲಸ ಹೊಸದಲ್ಲ: ತುಂಬಿ ಹಸುರಾಗಿದ್ದ ತೋಪಿನಲ್ಲಿ ಕೆಲವೇ ದಿನಗಳಲ್ಲಿ ಎಲೆಯ ನಡುನರವಷ್ಟೇ ಉಳಿದಿರುತ್ತದೆ.

ರೆಕ್ಕೆ ಬಿಚ್ಚಿದರೂ ಈ ಪತಂಗ ಮೂರ್ನಾಲ್ಕು ಸೆಂಟಿಮೀಟರ್ ದಾಟದು. ಮುಂದಿನ ರೆಕ್ಕೆ ಮಾಸಲು ಕಂದು. ಹಿಂದಿನ ಕಪ್ಪು ರೆಕ್ಕೆಯಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳು. ಹೆಣ್ಣು ಒಂದೊಂದಾಗಿ ನೂರಾರು ಮೊಟ್ಟೆ ಇಡುತ್ತದೆ. ಮರಿಹುಳು ಸ್ವಲ್ಪ ಬೆಳೆದ ಮೇಲೆ ಎಲೆಯಂಚನ್ನು ಕತ್ತರಿಸಿ, ಮಡಚಿ, ನೂಲಿನಿಂದ ಬಿಗಿದು, ಆ ಮರೆಯಲ್ಲಿದ್ದುಕೊಂಡೇ ತಿನ್ನುತ್ತದೆ. ಹುಳು ವಿಪರೀತವಾದಾಗ ತೋಪಿನೊಳಗೆ ನಿಂತರೆ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತದೆ. ಸುಮಾರು ಎರಡು ವಾರ ಮೇದು, ನೂಲು ಹಿಡಿದು ನೆಲಕ್ಕಿಳಿದು, ತರಗೆಲೆಯಡಿ ಕೋಶವಾಗುತ್ತದೆ. ಮತ್ತೊಂದು ವಾರಕ್ಕೆ ಪತಂಗ ಸಿದ್ಧ.

ಜಾವಾದ ಸಾಗುವಾನಿ ಸೀಮೆಯಲ್ಲಿ ಜನ ಈ ಕೋಶಗಳನ್ನು ಆಯ್ದು ಹುರಿದು ತಿನ್ನುತ್ತಾರೆ.

ಭಾರತ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಇಂಡೋನೇಷ್ಯಾಗಳೆಲ್ಲ ಇದರ ನೆಲೆ. ಸಾಗುವಾನಿಯೊಂದೇ ಇದರ ಆಹಾರವೂ ಅಲ್ಲ. ಮುಂಬೈ ಕಡಲಂಚಿನ ಕಾಂಡ್ಲಾ ಕಾಡಿನ ಎಲೆಯನ್ನೂ ಬೋಳಿಸಿದೆ. 1990ರ ದಶಕದಲ್ಲಿ ಕೋಸ್ಟರಿಕಾ, ಬ್ರೆಜಿಲ್‌ಗಳ ಸಾಗುವಾನಿ ತೋಪುಗಳಲ್ಲೂ ಹಾವಳಿಯೆಬ್ಬಿಸಿತು. ಒಂದೇ ಜಾತಿಯ ಮರವನ್ನು ಮೈಲಿಗಟ್ಟಲೆ ನೆಟ್ಟು ಇಷ್ಟು ದೊಡ್ಡ ಊಟ ಬಡಿಸಿದವರು ಮನುಷ್ಯರೇ.

ಹಾಗೆಂದು ನಷ್ಟ ಸಣ್ಣದಲ್ಲ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೋಪುಗಳಲ್ಲಿ ಅಳೆದು ನೋಡಿದಾಗ, ಬೆಳೆಯಬಹುದಾಗಿದ್ದ ಮರದ ಗಾತ್ರದಲ್ಲಿ ಶೇ. 44ರಷ್ಟು ಹುಳುವಿನಿಂದಾಗಿ ಕೈತಪ್ಪಿತ್ತು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ದಪ್ಪವಾಗಲು ಬೇಕಿದ್ದ ಶಕ್ತಿಯೆಲ್ಲ ಆ ಚಿಗುರಿಗೇ ಖರ್ಚು.

ಇದಕ್ಕೆ ಮದ್ದು ಕಾಡಿನಲ್ಲೇ ಇದೆ. ಈ ಹುಳುವಿಗೆ ತಗಲುವ ವೈರಸ್ ಒಂದನ್ನು ಅದೇ ಸಂಸ್ಥೆಯವರು ಗುರುತಿಸಿ, ಸಿಂಪಡಣೆಗೆ ಒಗ್ಗಿಸಿದರು. ಸೋಂಕಿತ ಹುಳು ಸತ್ತು ಕರಗಿ, ಆ ರಸ ತಾಗಿದ ಎಲೆಯನ್ನು ತಿಂದ ಹುಳುಗಳಿಗೂ ರೋಗ ಹರಡುತ್ತದೆ. ಕೀಟನಾಶಕವಾದರೋ ಹುಳುವಿನ ಜೊತೆಗೆ, ಅದರ ಮೈಯಲ್ಲಿ ಮೊಟ್ಟೆಯಿಡುವ ಕಣಜ, ನೊಣಗಳನ್ನೂ ಕೊಲ್ಲುತ್ತದೆ. ಹುಳು ತಿನ್ನಬಂದ ಹಕ್ಕಿಯ ಹೊಟ್ಟೆಗೂ ವಿಷ ಸೇರುತ್ತದೆ. ಜೂನ್‌ನಲ್ಲಿ ಹೊಲದ ಬದುವಿನ ಸಾಗುವಾನಿ ಬೋಳಾಗಿ ಕಂಡರೆ ರೈತರು ಕೊಡಲಿಯನ್ನೂ ವಿಷದ ಡಬ್ಬಿಯನ್ನೂ ಹುಡುಕದೆ ಕೆಲವು ವಾರ ಕಾಯಬೇಕು.