ಕೈ ಬಿಟ್ಟರೂ ನಿಲ್ಲದ ಅಲಗು



ಮಳೆ ಹಿಂದೆ ಸರಿಯಿತು. ಅಡಕೆ ಕೊಯ್ಲು ಮೊದಲಾಗುವುದರೊಳಗೆ ತೋಟ ಸವರಿ ಮುಗಿಸಬೇಕು. ಆಳು ಸಿಕ್ಕುವುದು ದುರ್ಲಭವಾದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಿಗೆ ಪೆಟ್ರೋಲಿನ ವೀಡ್ ಕಟರ್ ಬಂದಿದೆ. ಆ ಯಂತ್ರಕ್ಕೆ ಬರುವ ಒಂದು ಕಾಯಿಲೆಯ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ.

1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿಯ ನೀರು ನಿಂತ ಮೇಲೆ ತುಮರಿ ಕಡೆಯವರಿಗೆ ಸಾಗರದ ಪೇಟೆ ನೀರಿನ ಆಚೆಯದಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದಕ್ಕೆ ಮುಂಚೆ ಯಂತ್ರ ಕೆಟ್ಟರೆ ಗೋಣಿಯಲ್ಲಿ ಕಟ್ಟಿ ಲಾಂಚು ಹತ್ತಬೇಕು. ಒಂದು ದಿನದ ಕೆಲಸ ಹೋಯಿತೆಂದೇ ಲೆಕ್ಕ. ಆ ಕಾಲದಲ್ಲಿ ಅಲ್ಲಿನ ಹಿರಿಯರೊಬ್ಬರು ನನ್ನನ್ನು ಕರೆದು, "ಸಾಹೇಬ್ರೇ, ಕೈ ಬಿಟ್ಟರೂ ಬ್ಲೇಡು ನಿಲ್ಲೋದಿಲ್ಲ, ನೋಡಿ" ಎಂದರು. ಹಿಂದಿನ ದಿನ ಬಸಿಗಾಲುವೆ ದಾಟುವಾಗ ಅವರ ಕಾಲು ಜಾರಿತ್ತು. ತಿರುಗುತ್ತಿದ್ದ ಅಲಗು ಫಲ ಬಿಡುತ್ತಿದ್ದ ಮೆಣಸಿನ ಬಳ್ಳಿಯನ್ನು ಬುಡದಲ್ಲೇ ಕತ್ತರಿಸಿತು. ಅವರ ಮೊಣಕಾಲು ಅಲ್ಲಿಂದ ಒಂದು ಗೇಣು ಮಾತ್ರ ದೂರವಿತ್ತು.

ಇದು ಹೇಗಾಗುತ್ತದೆ? ರೇಸ್ ಬಿಟ್ಟಾಗ ಈ ಯಂತ್ರ ನಿಮಿಷಕ್ಕೆ ಸುಮಾರು 3,000 ಸುತ್ತಿನಲ್ಲಿ ಸಣ್ಣಗೆ ಓಡುತ್ತಿರಬೇಕು. ಇದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಸುತ್ತು 4,000ದ ಹತ್ತಿರ ಏರಿದಾಗ ಒಳಗಿನ ಕ್ಲಚ್ಚಿನ ತುಂಡುಗಳು ಹೊರಕ್ಕೆ ಅಗಲಿ ಡ್ರಮ್ಮನ್ನು ಹಿಡಿಯುತ್ತವೆ, ಅಲಗು ತಿರುಗುತ್ತದೆ. ಐಡ್ಲಿಂಗೇ ಅಷ್ಟು ಏರಿದರೆ ಕೈ ಬಿಟ್ಟರೂ ಅಲಗು ನಿಲ್ಲುವುದಿಲ್ಲ. ಅಂಥ ಯಂತ್ರವನ್ನು ಹೆಗಲಿಗೆ ಹಾಕಲೇಕೂಡದು.

ಮುಟ್ಟುವ ಮೊದಲು ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಪ್ಲಗ್ಗಿನ ಟೋಪಿ ಕಿತ್ತಿಡಿ. ಆಮೇಲೆ ಕ್ರಮವಾಗಿ ಹೀಗೆ ನೋಡಿ.

ಮೊದಲನೆಯದು, ಚೋಕ್. ಬೆಳಗಿನ ಥಂಡಿಗೆ ಎಳೆದ ಚೋಕನ್ನು ಪೂರ್ತಿ ತೆಗೆದಿದ್ದೀರಾ? ಕೆಲವು ಯಂತ್ರಗಳಲ್ಲಿ ಚೋಕ್ ಎಳೆದರೆ ರೇಸೂ ಸ್ವಲ್ಪ ತೆರೆದುಕೊಳ್ಳುತ್ತದೆ. ಒಮ್ಮೆ ರೇಸ್ ಒತ್ತಿ ಬಿಟ್ಟ ಮೇಲೆಯೇ ಅದು ಇಳಿಯುತ್ತದೆ.

ಎರಡನೆಯದು, ರೇಸಿನ ವಯರು. ಮಲೆನಾಡಿನ ಮಳೆಗೆ ವಯರು ತುಕ್ಕು ಹಿಡಿದು ಕವಚದೊಳಗೆ ಸಿಕ್ಕಿಕೊಳ್ಳುತ್ತದೆ. ಹಿಡಿಯನ್ನು ಓರೆ ತಿರುಗಿಸಿ ಬಿಗಿದಿದ್ದರೂ ವಯರು ಎಳೆದು ನಿಲ್ಲುತ್ತದೆ. ಕೈ ಬಿಟ್ಟಾಗ ವಯರಿನಲ್ಲಿ ಒಂದೆರಡು ಮಿಲಿಮೀಟರ್ ಸಡಿಲವಿರಬೇಕು. ಕಾರ್ಬುರೇಟರಿನ ಸಣ್ಣ ತೋಳು ಪೂರ್ತಿ ಹಿಂದಕ್ಕೆ ಬಂದು ಐಡ್ಲಿಂಗ್ ಸ್ಕ್ರೂ ಮೇಲೆ ಕೂರಬೇಕು.

ಮೂರನೆಯದು, ಆ ಐಡ್ಲಿಂಗ್ ಸ್ಕ್ರೂ. ಮೇಲಿನ ಎರಡೂ ಸರಿಯಿದ್ದರೆ ಪ್ಲಗ್ಗಿನ ಟೋಪಿ ಮತ್ತೆ ಹಾಕಿ, ಯಂತ್ರವನ್ನು ಸಮನೆಲದಲ್ಲಿ ಅಲಗು ಯಾವುದಕ್ಕೂ ತಾಗದಂತೆ ಇಟ್ಟು, ಎಂಜಿನ್ ಎರಡು ಮೂರು ನಿಮಿಷ ಬಿಸಿಯಾಗಲಿ. ಅಲಗಿನ ಕಡೆ ಯಾರೂ ಇರಕೂಡದು. ಸ್ಕ್ರೂವನ್ನು ಬಲಕ್ಕೆ ತಿರುಗಿಸಿದರೆ ಸುತ್ತು ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಪಕ್ಕದ ಇತರ ಸ್ಕ್ರೂಗಳನ್ನು ಮುಟ್ಟಬೇಡಿ. ಅವು ಪೆಟ್ರೋಲಿನ ಅಳತೆಯವು.

ಸ್ಕ್ರೂ ಬಿಚ್ಚಿದರೂ ಸುತ್ತು ಇಳಿಯದೇ ಇದ್ದರೆ? ಆಗ ಎಂಜಿನ್ ಕಳ್ಳಗಾಳಿ ಕುಡಿಯುತ್ತಿದೆ ಎಂದು ತಿಳಿಯಿರಿ. ಅದುರಿ ಅದುರಿ ಕಾರ್ಬುರೇಟರಿನ ಬೋಲ್ಟು ಸಡಿಲವಾಗುತ್ತದೆ, ನಡುವಿನ ಗ್ಯಾಸ್ಕೆಟ್ ಬಿರಿಯುತ್ತದೆ. ಟ್ಯಾಂಕಿನಿಂದ ಬರುವ ಸಣ್ಣ ಕೊಳವೆ ಸೀಳಿದ್ದರೆ, ಫಿಲ್ಟರ್ ಕಟ್ಟಿದ್ದರೆ ಪೆಟ್ರೋಲೂ ಕಡಿಮೆ ಬರುತ್ತದೆ. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಕಿರುಚುತ್ತದೆ. ಪರೀಕ್ಷೆ ಸುಲಭ: ಓಡುತ್ತಿರುವಾಗ ಚೋಕನ್ನು ಮೆಲ್ಲಗೆ ಅರ್ಧ ಎಳೆಯಿರಿ. ಕಿರುಚಾಟ ತಗ್ಗಿ ಓಟ ಒಂದು ಹದಕ್ಕೆ ಬಂದರೆ ದೋಷ ಇಲ್ಲಿಯೇ ಇದೆ. ಜೋಡಣೆಯ ಮೇಲೆ ಸೋಪುನೀರಿನ ನಾಲ್ಕು ಹನಿ ಬಿಡಿ. ಶಬ್ದ ಬದಲಾದ ಕಡೆ ಸೋರಿಕೆಯಿದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿಸಿ ನೋಡುವುದು ಬೇಡವೇ ಬೇಡ.

ಇದನ್ನು ಅಲಕ್ಷ್ಯ ಮಾಡಿದರೆ ಎಂಜಿನ್ನಿಗೂ ಕೇಡು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಒಣಗಿ, ಬಿಸಿಯೇರಿ, ಹಿಡಿದುಕೊಳ್ಳುತ್ತದೆ. ಆ ಖರ್ಚಿನ ಮುಂದೆ ಗ್ಯಾಸ್ಕೆಟ್ಟಿನ ಬೆಲೆ ಏನೂ ಅಲ್ಲ.

ನಾನು ಹೇಳಿದ ಹಿರಿಯರ ಯಂತ್ರದಲ್ಲಿ ಆಗಿದ್ದದ್ದು ಇಷ್ಟೆ: ಕಾರ್ಬುರೇಟರಿನ ಎರಡು ಬೋಲ್ಟು ಸಡಿಲ. ಎಂಜಿನ್ ಪದೇ ಪದೇ ನಿಲ್ಲುತ್ತಿದ್ದುದಕ್ಕೆ ಅವರು ಐಡ್ಲಿಂಗ್ ಸ್ಕ್ರೂ ಬಿಗಿಯುತ್ತಾ ಹೋಗಿದ್ದರು. ಬೋಲ್ಟು ಬಿಗಿದು, ಸ್ಕ್ರೂ ಹಿಂದಕ್ಕೆ ತಂದೆವು; ಅಲಗು ನಿಂತಿತು. ಲಾಂಚು ಹತ್ತುವ ಪ್ರಮೇಯ ಬರಲಿಲ್ಲ.

ಇಷ್ಟಾದರೂ ಸುತ್ತು ಇಳಿಯದಿದ್ದರೆ ಒಳಗಿನ ಸೀಲ್ ಹೋಗಿರಬಹುದು. ಸುತ್ತು ಇಳಿದೂ ಅಲಗು ತಿರುಗಿದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿರಬಹುದು. ಇವೆರಡೂ ಮೆಕ್ಯಾನಿಕ್ಕಿನ ಕೆಲಸ.

ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗೂ ಒಳ್ಳೆಯದಲ್ಲ. ಸವರಿ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಪ್ರತಿದಿನ ಕೆಲಸಕ್ಕೆ ಮೊದಲು ರೇಸ್ ಬಿಟ್ಟು ಅಲಗನ್ನು ಒಮ್ಮೆ ನೋಡಿ. ಅದು ನಿಂತಿದ್ದರೆ ಮಾತ್ರ ತೋಟಕ್ಕೆ ಇಳಿಯಿರಿ. ಗಮ್ ಬೂಟು ಹಾಕಿ, ಮಕ್ಕಳನ್ನು 50 ಅಡಿ ದೂರ ನಿಲ್ಲಿಸಿ. ನಿಮ್ಮ ಕೊಯ್ಲು ಸುಖವಾಗಿ ಸಾಗಲಿ.