ಇರುಳಿನ ಬೆವರು

ಬೇಸಗೆಯ ರಾತ್ರಿ ಕಿಟಕಿ ಮುಚ್ಚಿ, ಕಂಬಳಿ ಹೊದ್ದು ಮಲಗಿದವನು ಬೆವರಿದರೆ ಅದರಲ್ಲಿ ವಿಚಾರಮಾಡತಕ್ಕ ಸಂಗತಿಯೇನೂ ಇಲ್ಲ. ಕಿಟಕಿಯನ್ನು ತೆರೆಯುವುದೇ ಔಷಧ. ನಾವು ಈ ಹೊತ್ತು ಹೇಳಹೊರಟಿರುವುದು ಬೇರೊಂದು ಬೆವರಿನ ವಿಷಯ. ಕೋಣೆ ತಣ್ಣಗಿದ್ದರೂ ಅದು ನಡುರಾತ್ರಿಯಲ್ಲಿ ಎಚ್ಚರಗೊಳಿಸಿ, ಉಟ್ಟ ಬಟ್ಟೆಯನ್ನೂ ಹಾಸಿಗೆಯನ್ನೂ ತೊಯ್ಯಿಸುತ್ತದೆ.

ಮಿದುಳಿನ ತಳಭಾಗದಲ್ಲಿ ಮೈಶಾಖವನ್ನು ಕಾಯುವ ಒಂದು ಕೇಂದ್ರವುಂಟು. ಅದು ಗೊತ್ತುಮಾಡಿದ ಮಟ್ಟವನ್ನು ಶಾಖವು ಮೀರಿದರೆ ಬೆವರು ಹರಿಯುತ್ತದೆ. ಜ್ವರದಲ್ಲಿ ಈ ಮಟ್ಟವೇ ಮೇಲಕ್ಕೆ ಸರಿಯುತ್ತದೆ. ಅದು ಮರಳಿ ಕೆಳಗಿಳಿದಾಗ ದೇಹವು ಹೆಚ್ಚಿನ ಶಾಖವನ್ನು ಬೆವರಿನ ಮೂಲಕ ಕಳೆದುಕೊಳ್ಳುತ್ತದೆ. ಸಂಜೆ ಸಣ್ಣ ಜ್ವರ, ರಾತ್ರಿ ಬೆವರು ಎಂಬ ಕ್ಷಯದ ಪರಿಚಿತ ಕ್ರಮಕ್ಕೆ ಇದೇ ಕಾರಣ.

ಆ ಹೆಸರಿನ ಭಯ ನಮ್ಮಲ್ಲಿ ಹಳೆಯದು, ನಿಷ್ಕಾರಣವೂ ಆಗಿರಲಿಲ್ಲ. ರಾಬರ್ಟ್ ಕಾಕ್ 1882ರಲ್ಲಿ ರೋಗಾಣುವನ್ನು ತೋರಿಸಿಕೊಟ್ಟರೂ, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುವವರೆಗೆ ಅದನ್ನು ಕೊಲ್ಲುವ ಮದ್ದು ಕೈಯಲ್ಲಿರಲಿಲ್ಲ. ಅರಮನೆಯ ಗೋಡೆಗಳೂ ಅದನ್ನು ತಡೆಯಲಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಇದಕ್ಕೆ ತುತ್ತಾದರು; ಅವರ ಹೆಸರಿನ ಕ್ಷಯರೋಗಾಸ್ಪತ್ರೆ 1921ರಲ್ಲಿ ಸ್ಥಾಪಿತವಾಯಿತು. ಅಂದಿನ ಚಿಕಿತ್ಸೆಯೆಂದರೆ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ. ಇಂದಾದರೋ ಸಾಧಾರಣವಾದ ಕ್ಷಯವು ಆರು ತಿಂಗಳು ಬಿಡದೆ ಮಾತ್ರೆ ನುಂಗಿದರೆ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ಹೀಗಿದ್ದರೂ, ಮಗಳಿಗೆ ಗಂಡು ನೋಡುತ್ತಿರುವ ಮನೆಗಳಲ್ಲಿ “ಹೊರಗೆ ಬಾಯಿಬಿಡಬೇಡ” ಎಂಬ ಮಾತು ನಿಂತಿಲ್ಲ. ವಿದ್ಯಾವಂತರ ಮನೆಗಳೂ ಇದಕ್ಕೆ ಹೊರತಲ್ಲ. ಮುಚ್ಚಿಟ್ಟ ಒಂದೊಂದು ದಿನವೂ ಕೆಮ್ಮಿನೊಡನೆ ರೋಗವು ಆ ಮನೆಯ ಮಕ್ಕಳಿಗೇ ಹಂಚಿಹೋಗುತ್ತಿರುತ್ತದೆ.

ಹಾಗೆಂದು ಇರುಳಿನ ಬೆವರೆಲ್ಲವೂ ಕ್ಷಯವಲ್ಲ. 45ರಿಂದ 55ರ ನಡುವಣ ಸ್ತ್ರೀಯರಲ್ಲಿ, ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಕುಗ್ಗಿ, ಮೇಲೆ ಹೇಳಿದ ಕೇಂದ್ರವು ಅತಿಸೂಕ್ಷ್ಮವಾಗುತ್ತದೆ. ಶಾಖ ಎಳ್ಳಷ್ಟು ಏರಿದರೂ ಬೆವರಿಳಿಯುತ್ತದೆ. ಇದು ರೋಗವಲ್ಲ. ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ “ವಯಸ್ಸಿನ ಗುಣ, ಸಹಿಸಿಕೋ” ಎನ್ನುವುದು ನ್ಯಾಯವೂ ಅಲ್ಲ, ಚಿಕಿತ್ಸೆಯುಂಟು. ಹಗುರವಾದ ಹತ್ತಿಯ ಬಟ್ಟೆ, ಬೀಸಣಿಗೆ, ರಾತ್ರಿಯಲ್ಲಿ ಕಾಫಿಯ ವರ್ಜನ ಇವುಗಳಿಂದಲೂ ಸ್ವಲ್ಪ ಉಪಶಮನವಾದೀತು. (ಕಾಫಿಯ ಮಾತನ್ನು ನಮ್ಮೂರಿನವರು ಎಷ್ಟು ಕೇಳುವರೋ!)

ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇವೂ ಕಾರಣವಾಗಬಲ್ಲವು. ಇನ್ಸುಲಿನ್ ತೆಗೆದುಕೊಳ್ಳುವವರು ತಣ್ಣನೆಯ ಬೆವರಿನೊಡನೆ ನಡುಗುತ್ತ ಎದ್ದರೆ ಬೆಳಗಿನವರೆಗೆ ಕಾಯತಕ್ಕದ್ದಲ್ಲ. ರಕ್ತದ ಸಕ್ಕರೆ ಇಳಿದಿರಬಹುದು. ಕೂಡಲೇ ಸಕ್ಕರೆ ಬೆರಸಿದ ನೀರನ್ನು ಕುಡಿಯಬೇಕು.

ಬೆವರಿನೊಡನೆ ಜ್ವರ, ಎರಡು ವಾರ ಮೀರಿದ ಕೆಮ್ಮು, ಮೈ ಇಳಿಯುವುದು, ಕುತ್ತಿಗೆಯಲ್ಲಿ ಅಥವಾ ಕಂಕುಳಲ್ಲಿ ಗಂಟು ಇವುಗಳಲ್ಲಿ ಯಾವುದಾದರೊಂದು ಕಂಡರೂ ವೈದ್ಯರಲ್ಲಿಗೆ ಹೋಗತಕ್ಕದ್ದು. ಅಂಥ ಗಂಟು ಕೆಲವೊಮ್ಮೆ ಅರ್ಬುದದ್ದೂ ಆಗಿರುವುದುಂಟು. ಹೋಗುವ ಮುನ್ನ ನಾಲ್ಕು ದಿನದ ಬೆಳಗಿನ, ಸಂಜೆಯ ಮೈಶಾಖವನ್ನೂ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆಯೇ.